ಡಿಸ್ಟ್ರಿಕ್ಟು ಯಾವುದು ಸಾರ್?

ಯುಗಾದಿ ಊಟದ ಸಾಲು. ಕೈಯಲ್ಲಿ ಪೇಪರ್ ತಟ್ಟೆ, ಮುಂದೆ ಬಿಸಿಬೇಳೆಬಾತಿನ ಟ್ರೇ. ಹಿಂದೆ ನಿಂತವರಿಗೆ ನನ್ನ ಕನ್ನಡ ಕೇಳಿ ಖುಷಿಯಾಯಿತು. ಯಾವೂರು ಅಂತ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, "ಯಾವ ಡಿಸ್ಟ್ರಿಕ್ಟು?"

"ಹಾಸನ" ಅಂದೆ.

ಅವರು ನಗಲಿಲ್ಲ. "ಅಲ್ಲ ಸಾರ್, ಸ್ಕೂಲ್ ಡಿಸ್ಟ್ರಿಕ್ಟು."

ಅಮೆರಿಕದ ನ್ಯೂಜೆರ್ಸಿಯಲ್ಲಿ ನಮ್ಮವರು ಜಾತಿ ಕೇಳೋದು ಬಿಟ್ಟಿದ್ದಾರೆ. ಈಗ ಕೇಳೋದು ಸ್ಕೂಲ್ ಡಿಸ್ಟ್ರಿಕ್ಟು, ಅಂದರೆ ಒಂದೇ ಶಾಲಾ ಬೋರ್ಡಿನ ಕೈಕೆಳಗಿನ ಸರ್ಕಾರಿ ಶಾಲೆಗಳ ವ್ಯಾಪ್ತಿ. ಅದೊಂದು ಗೊತ್ತಾದರೆ ಸಾಕು, ಮನೆ ಬೆಲೆ, ಸಂಬಳ, ಮಗನ ಮ್ಯಾಥ್ ಎಲ್ಲ ಗೊತ್ತಾಗುತ್ತದೆ.

ಅವರದು ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ. ಹೇಳುವಾಗ ಎದೆ ಒಂದಿಂಚು ಮುಂದೆ ಬಂತು. ಅಕ್ಕಪಕ್ಕದ ಎರಡು ಊರು, ಒಂದೇ ಶಾಲಾ ಡಿಸ್ಟ್ರಿಕ್ಟು. ಆದರೆ ಒಂದೂರು ಮರ್ಸರ್ ಕೌಂಟಿಗೆ ಸೇರಿದ್ದು, ಇನ್ನೊಂದು ಮಿಡಲ್‌ಸೆಕ್ಸ್‌ಗೆ. ಅಂದರೆ ಜಿಲ್ಲೆ ಎರಡು, ಡಿಸ್ಟ್ರಿಕ್ಟು ಒಂದು. ಇದನ್ನು ಫೋನಿನಲ್ಲಿ ಅಮ್ಮನಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಡೀಸಿ ಯಾರು?" ಅಂದರು.

ಇದು ಪಾಲಾಗದ ಅಣ್ಣತಮ್ಮಂದಿರ ಮನೆ. ಅಡುಗೆಮನೆ ಒಂದೇ, ಅಕ್ಕಿ ಲೆಕ್ಕ ಬೇರೆ. ಬೋರ್ಡಿನಲ್ಲಿ 9 ಸೀಟು, ವೆಸ್ಟ್ ವಿಂಡ್ಸರಿಗೆ 5, ಪ್ಲೇನ್ಸ್‌ಬರೋಗೆ 4. ಖರ್ಚು ಹಂಚೋದು ಊರಿನ ಆಸ್ತಿ ಬೆಲೆ ನೋಡಿ. ಹಾಗಾಗಿ ಬಜೆಟ್ ಒಂದೇ ಆದರೂ ಒಂದೂರಿನ ತೆರಿಗೆ ದರ ಏರಿದ ವರ್ಷ ಇನ್ನೊಂದೂರಿನದು ಇಳಿಯಬಹುದು. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಮಕ್ಕಳು, ಇಬ್ಬರ ಅಪ್ಪಂದಿರಿಗೂ ಬೇರೆ ಬೇರೆ ಹೊಟ್ಟೆಯುರಿ.

ಆದರೂ ಎರಡೂರು ಒಟ್ಟಿಗೆ ಇವೆಯಲ್ಲ, ಅದೇ ದೊಡ್ಡದು. ಕರ್ನಾಟಕದ ಎಂಟನೇ ಒಂದು ಪಾಲೂ ಇಲ್ಲದ ಈ ರಾಜ್ಯದಲ್ಲಿ 564 ಊರಾಡಳಿತ, ಹತ್ತಿರ ಹತ್ತಿರ 600 ಶಾಲಾ ಡಿಸ್ಟ್ರಿಕ್ಟು. ಒಂದು ಕಾಲಕ್ಕೆ ಶಾಲೆಯೇ ಇಲ್ಲದ ಡಿಸ್ಟ್ರಿಕ್ಟುಗಳೂ ಇದ್ದವು. ಮಕ್ಕಳನ್ನು ಪಕ್ಕದೂರಿನ ಶಾಲೆಗೆ ಕಳಿಸೋದು, ಇಲ್ಲಿ ಬೋರ್ಡು ಸಭೆ ಸೇರೋದು. 2009ರಲ್ಲಿ ಸರ್ಕಾರ ಅಂಥ 13 ಡಿಸ್ಟ್ರಿಕ್ಟುಗಳನ್ನು ಮುಚ್ಚಿಸಿತು. ಪಾಪ, ಸಭೆಯ ಬಿಸ್ಕತ್ತು ಯಾರ ಪಾಲಾಯಿತೋ.

ಈ ಎರಡೂರಿನ ಇತಿಹಾಸ ನನಗೆ ಬಹಳ ಇಷ್ಟ. 1938ರ ಒಂದು ರೇಡಿಯೋ ನಾಟಕದಲ್ಲಿ ಮಂಗಳ ಗ್ರಹದವರು ಬಂದಿಳಿದದ್ದು ವೆಸ್ಟ್ ವಿಂಡ್ಸರಿನ ಗ್ರೋವರ್ಸ್ ಮಿಲ್‌ನಲ್ಲಿ. ನಾಟಕ ಅಂತ ತಿಳಿಯದೆ ಕೆಲವರು ನಿಜಕ್ಕೂ ಹೆದರಿದರು. ಈಗ ಅಲ್ಲೊಂದು ಸ್ಮಾರಕ ಇದೆ. ಇಡೀ ಭೂಮಿ ಬಿಟ್ಟು ಇಲ್ಲೇ ಯಾಕೆ ಇಳಿದರು? ಸ್ಕೂಲ್ ಚೆನ್ನಾಗಿದೆ ಅಂತ ಯಾರೋ ಹೇಳಿರಬೇಕು.

ಪ್ಲೇನ್ಸ್‌ಬರೋದು ಹಸುವಿನ ಕಥೆ. ಅಲ್ಲಿ ವಾಕರ್-ಗಾರ್ಡನ್ ಅಂತ ಒಂದು ಡೇರಿ ಇತ್ತು. 1930ರಲ್ಲಿ ಅವರು ರೋಟೋಲ್ಯಾಕ್ಟರ್ ಅಂತ ಒಂದು ತಿರುಗುವ ಕಟ್ಟೆ ಮಾಡಿದರು. ಒಂದೇ ಸಲ 50 ಹಸುಗಳು. ಹತ್ತಿ ನಿಂತರೆ ಕಟ್ಟೆ ತಿರುಗುತ್ತದೆ, ಒಂದು ಸುತ್ತು ಮುಗಿಯೋದರೊಳಗೆ ಹಾಲು ಕರೆದಾಗಿರುತ್ತದೆ. ಇಳಿ, ಮುಂದಿನದು ಹತ್ತು. ಜಾಹೀರಾತಿನಿಂದ ಹೆಸರಾದ ಎಲ್ಸಿ ಹಸುವಿನ ಸಮಾಧಿ ಕಲ್ಲೂ ಈ ಊರಿನಲ್ಲೇ ಇದೆ. ಡೇರಿ ಹೋಯಿತು, ಮನೆಗಳೆದ್ದವು. ಕಟ್ಟೆ ತಿರುಗೋದು ಮಾತ್ರ ನಿಂತಿಲ್ಲ ಅಂತ ನನ್ನ ಗುಮಾನಿ. ಸೋಮವಾರ ಮ್ಯಾಥ್, ಮಂಗಳವಾರ ವಯಲಿನ್, ಬುಧವಾರ ಸ್ಪೆಲಿಂಗ್, ಗುರುವಾರ ಮತ್ತೆ ಮ್ಯಾಥ್. ಇಳಿ, ಮುಂದಿನದು ಹತ್ತು.

ಡಿಸ್ಟ್ರಿಕ್ಟಿಗೆ ಎರಡು ಹೈಸ್ಕೂಲು, ನಾರ್ತ್ ಮತ್ತು ಸೌತ್. 2017ರಲ್ಲಿ ಆಡೋ ಹುಡುಗರು ಸಾಲದೆ ನಾರ್ತ್ ತನ್ನ ಮುಖ್ಯ ಅಮೆರಿಕನ್ ಫುಟ್‌ಬಾಲ್ ತಂಡವನ್ನೇ ಕೈಬಿಟ್ಟಿತು. ಮ್ಯಾಥ್ ತಂಡಕ್ಕೆ ಅಂಥ ಗತಿ ಬರೋದಿಲ್ಲ ಬಿಡಿ.

ಇಷ್ಟು ನಕ್ಕಾಯಿತು. 2015ರ ಅಕ್ಟೋಬರಿನಲ್ಲಿ ಡಿಸ್ಟ್ರಿಕ್ಟಿನ ಆಗಿನ ಮುಖ್ಯಸ್ಥ, ಅಂದರೆ ಸೂಪರಿಂಟೆಂಡೆಂಟ್, ಡೇವಿಡ್ ಅಡರ್‌ಹೋಲ್ಡ್ ಪೋಷಕರಿಗೆ 16 ಪುಟದ ಪತ್ರ ಬರೆದರು. ಹಿಂದಿನ ಶಾಲಾ ವರ್ಷ 120 ಮಕ್ಕಳಿಗೆ ಮಾನಸಿಕ ಆರೋಗ್ಯದ ತಪಾಸಣೆ ಬೇಕು ಅಂತ ಶಾಲೆಯೇ ಹೇಳಿತ್ತು. 40 ಮಕ್ಕಳು ಆಸ್ಪತ್ರೆ ಸೇರಿದ್ದರು. ಡಿಸ್ಟ್ರಿಕ್ಟು ಹೈಸ್ಕೂಲಿನ ಮಿಡ್‌ಟರ್ಮ್, ಫೈನಲ್ ಪರೀಕ್ಷೆ ತೆಗೆಯಿತು. ಕೆಲವು ರಾತ್ರಿ ಹೋಮ್‌ವರ್ಕ್ ಬೇಡ ಅಂದಿತು. ನಾಲ್ಕನೇ ಕ್ಲಾಸಿನಿಂದ ಶುರುವಾಗುತ್ತಿದ್ದ ಮೇಲ್ಮಟ್ಟದ ಮ್ಯಾಥನ್ನು ಆರಕ್ಕೆ ತಳ್ಳಿತು.

ಗಲಾಟೆ ಎದ್ದಿತು. ಆಸ್ಪತ್ರೆ ಸೇರಿದ 40 ಮಕ್ಕಳ ಬಗ್ಗೆ ಅಲ್ಲ, ಮ್ಯಾಥ್ ಬಗ್ಗೆ. ಓದಿನ ಮಟ್ಟ ಇಳಿಸುತ್ತಿದ್ದಾರೆ ಅಂತ ಸಿಟ್ಟಾದವರಲ್ಲಿ ಏಷ್ಯಾ ಮೂಲದ ಅಪ್ಪ ಅಮ್ಮಂದಿರೇ ಜಾಸ್ತಿ. ಅಂದರೆ ನಾವೇ. ಪೀಯುಸಿ ಮಾರ್ಕ್ಸು, ಸಿಇಟಿ ರ್‍ಯಾಂಕು ಅಂತ ನರಳಿ, ಹದಿಮೂರು ಸಾವಿರ ಕಿಲೋಮೀಟರ್ ಹಾರಿ ಬಂದು, ಅದೇ ನರಳಾಟವನ್ನು ದುಡ್ಡು ಕೊಟ್ಟು ಕೊಂಡೆವು. ಒಂದು ಮಗು ಆಸ್ಪತ್ರೆಯಲ್ಲಿ ಮಲಗಿದ್ದಾಗ ಇನ್ನೊಂದರ ಅಪ್ಪ ಅಡ್ವಾನ್ಸ್ಡ್ ಮ್ಯಾಥಿಗೆ ಹೋರಾಡುತ್ತಾನೆ ಅಂದರೆ ಏನು ಹೇಳೋದು? ಬೈಯೋದಕ್ಕೂ ಸುಸ್ತು.

ಸಾಲು ಮುಂದೆ ಸರಿಯಿತು. ಅವರ ಮಗನಿಗೆ ಎಂಟು ವರ್ಷ ಇರಬಹುದು, ಜರಿ ಅಂಚಿನ ಜುಬ್ಬಾ. "ಅಪ್ಪಾ, ಎರಡು ಹೋಳಿಗೆ ತಗೊಳ್ಲಾ?" ಅಂದ.

"ಮೊದಲು ಹೇಳು, ಹದಿನೇಳು ಇಂಟು ಹದಿಮೂರು?"

ಹುಡುಗ ಹೋಳಿಗೆ ಮೇಲಿಂದ ಕಣ್ಣು ತೆಗೆಯದೆ 221 ಅಂದ.

ಅಪ್ಪ ನನ್ನ ಮುಖ ನೋಡಿದರು. ನಾನು ತುಪ್ಪ ಬಡಿಸಿಕೊಂಡೆ.