ಮೆಕ್ಸಿಕಾಲಿಯ ಬಿಯರ್ ಕಾರ್ಖಾನೆ: ನಿಲ್ಲಿಸಿದ್ದು ಸರಿಯೇ?

ಮೆಕ್ಸಿಕೊದ ವಾಯವ್ಯ ಮೂಲೆಯಲ್ಲಿ, ಅಮೆರಿಕದ ಗಡಿಬೇಲಿಗೆ ಒತ್ತಿಕೊಂಡೇ ಬೆಳೆದಿರುವ ಮೆಕ್ಸಿಕಾಲಿ ಬಾಹಾ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ. 2020ರ ಜನಗಣತಿಯಲ್ಲಿ ಸುತ್ತಲಿನ ಹಳ್ಳಿಗಳೂ ಸೇರಿ ಇಲ್ಲಿದ್ದ ಜನಸಂಖ್ಯೆ ಹತ್ತೂವರೆ ಲಕ್ಷದಷ್ಟು. ವರ್ಷಕ್ಕೆ ಬೀಳುವ ಮಳೆ ಎಂಟು ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು, ಬೇಸಿಗೆಯಲ್ಲಿ ತಾಪಮಾನ 45 ಡಿಗ್ರಿ ದಾಟುವುದು ಮಾಮೂಲು. ಆದರೂ ನಗರದ ಒಂದು ಮಗ್ಗುಲಲ್ಲಿ ಟ್ರಕ್, ವಿಮಾನದ ಬಿಡಿಭಾಗ, ಎಲೆಕ್ಟ್ರಾನಿಕ್ಸ್ ಮತ್ತು ವೈದ್ಯಕೀಯ ಉಪಕರಣಗಳ ಕಾರ್ಖಾನೆಗಳಿದ್ದರೆ, ಇನ್ನೊಂದು ಮಗ್ಗುಲಲ್ಲಿ ಗೋಧಿ, ಹತ್ತಿ, ಲೂಸರ್ನ್ ಮೇವು ಮತ್ತು ಎಳೆ ಈರುಳ್ಳಿಯ ಹೊಲಗಳು ಹಬ್ಬಿಕೊಂಡಿವೆ. ಎರಡಕ್ಕೂ ಆಧಾರ ಕೊಲೊರಾಡೊ ನದಿ. 1944ರ ಒಪ್ಪಂದದಂತೆ ಅಮೆರಿಕವು ಮೆಕ್ಸಿಕೊಗೆ ಬಿಡಬೇಕಾದ ನೀರು ವರ್ಷಕ್ಕೆ ಸುಮಾರು 185 ಕೋಟಿ ಘನ ಮೀಟರ್, ಅಂದರೆ ನಮಗೆ ಪರಿಚಿತವಾದ ಲೆಕ್ಕದಲ್ಲಿ 65 ಟಿಎಂಸಿ.

ಕೊರೊನಾ, ಮೊಡೆಲೊ ಬಿಯರ್‌ಗಳನ್ನು ಅಮೆರಿಕದಲ್ಲಿ ಮಾರುವ ಹಕ್ಕು ಹೊಂದಿರುವ ಕಾನ್‌ಸ್ಟಲೇಶನ್ ಬ್ರಾಂಡ್ಸ್ ಕಂಪನಿ, ಸುಮಾರು 140 ಕೋಟಿ ಡಾಲರ್ ವೆಚ್ಚದ ಕಾರ್ಖಾನೆಯೊಂದನ್ನು ಇಲ್ಲಿ ಕಟ್ಟುವುದಾಗಿ 2016ರ ಆರಂಭದಲ್ಲಿ ಪ್ರಕಟಿಸಿತು. ನಾಲ್ಕು ವರ್ಷಗಳ ನಂತರ, 2020ರ ಮಾರ್ಚ್ 21 ಮತ್ತು 22ರಂದು ಕೇಂದ್ರ ಸರ್ಕಾರ ನಡೆಸಿದ ಜನಾಭಿಪ್ರಾಯ ಸಂಗ್ರಹದಲ್ಲಿ ಭಾಗವಹಿಸಿದವರ ಪೈಕಿ ಶೇ. 76 ಮಂದಿ ಕಾರ್ಖಾನೆ ಬೇಡವೆಂದರು. ಅಧ್ಯಕ್ಷ ಲೋಪೆಸ್ ಒಬ್ರಾದೋರ್ ಅವರ ಸರ್ಕಾರ ಬಾಕಿ ಇದ್ದ ನೀರಿನ ಪರವಾನಗಿಗಳನ್ನು ನಿರಾಕರಿಸಿತು. ಅಷ್ಟರಲ್ಲಿ ಕಟ್ಟಡದ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿತ್ತು.

ಪರ: ನಿಲ್ಲಿಸಿದ್ದೇ ಸರಿ

ಕಾರ್ಖಾನೆ ಕೇಳಿದ ನೀರು ಎಷ್ಟು ಎಂಬಲ್ಲಿಂದ ಚರ್ಚೆ ಆರಂಭಿಸುವವರು, ಅದು ಎಂಥ ಬೇಡಿಕೆ ಎಂಬುದನ್ನು ಬಿಟ್ಟುಬಿಡುತ್ತಾರೆ. ಹೊಲಕ್ಕೆ ಬೇಕಾದ ನೀರು ಹಿಗ್ಗಬಲ್ಲದು, ಕುಗ್ಗಬಲ್ಲದು. ನದಿಯಲ್ಲಿ ನೀರು ಕಡಿಮೆಯಾದ ವರ್ಷ ರೈತ ಗೋಧಿ ಬಿತ್ತನೆಯನ್ನು ಅರ್ಧಕ್ಕೆ ಇಳಿಸಬಹುದು, ಮೇವಿನ ಒಂದು ಕೊಯ್ಲನ್ನು ಬಿಡಬಹುದು, ಪರಿಹಾರ ಸಿಗುವುದಾದರೆ ಹೊಲವನ್ನೇ ಬೀಳು ಬಿಡಬಹುದು. ನೂರಾರು ಕೋಟಿ ಡಾಲರ್ ಸುರಿದು ಕಟ್ಟಿದ ಬಿಯರ್ ಕಾರ್ಖಾನೆಗೆ ಇಂಥ ಯಾವ ಅನುಕೂಲವೂ ಇಲ್ಲ. ಅದರ ನಲ್ಲಿ ಹನ್ನೆರಡು ತಿಂಗಳೂ ತೆರೆದಿರಲೇಬೇಕು. ಹಾಗಾಗಿ ಬರಗಾಲದ ವರ್ಷದಲ್ಲಿ ಕಡಿತದ ಹೊರೆ ಪೂರ್ತಿಯಾಗಿ ನಾಲೆಯ ಕೊನೆಯ ಹೊಲದವನ ಹೆಗಲಿಗೆ ಬೀಳುತ್ತದೆ.

ಇದು ಕಾಲ್ಪನಿಕ ಭಯವಲ್ಲ. ಜನಾಭಿಪ್ರಾಯ ಸಂಗ್ರಹ ನಡೆದು ಒಂದೂವರೆ ವರ್ಷವಾಗುವ ಮೊದಲೇ, 2021ರ ಆಗಸ್ಟ್‌ನಲ್ಲಿ, ಕೊಲೊರಾಡೊ ನದಿಯಲ್ಲಿ ನೀರಿನ ಕೊರತೆಯಿದೆ ಎಂದು ಅಮೆರಿಕ ಅಧಿಕೃತವಾಗಿ ಘೋಷಿಸಿತು. ಆ ನದಿಯ ಇತಿಹಾಸದಲ್ಲಿ ಅಂಥ ಘೋಷಣೆ ಅದೇ ಮೊದಲು. 2023ರಲ್ಲಿ ಮೆಕ್ಸಿಕೊದ ಪಾಲಿನಿಂದ ಕಡಿತವಾದದ್ದು ಸುಮಾರು 12.8 ಕೋಟಿ ಘನ ಮೀಟರ್, ನಾಲ್ಕೂವರೆ ಟಿಎಂಸಿ. ಇಂಥ ದಿನಗಳು ಬರಲಿವೆ ಎಂದು ತಿಳಿದೂ ಹೊಸದೊಂದು ಕಾಯಂ ಗಿರಾಕಿಯನ್ನು ನದಿಗೆ ಕಟ್ಟುವುದು ಯಾವ ಲೆಕ್ಕದಲ್ಲೂ ವಿವೇಕವೆನಿಸುವುದಿಲ್ಲ.

ಮೇಲಿದ್ದವರು ತೀರ್ಮಾನಿಸುವುದು, ಕೆಳಗಿದ್ದವರು ಅನುಭವಿಸುವುದು ಈ ಕಣಿವೆಗೆ ಹೊಸದಲ್ಲ. 1961ರಿಂದ ಅರಿಜೋನಾದ ಹೊಲಗಳ ಉಪ್ಪು ಬಸಿನೀರು ನದಿಗೆ ಸೇರತೊಡಗಿ ಮೆಕ್ಸಿಕಾಲಿಯ ಬೆಳೆಗಳು ಸುಟ್ಟುಹೋದವು. ಅದಕ್ಕೊಂದು ಒಪ್ಪಂದವಾಗಲು 1973ರವರೆಗೆ ಕಾಯಬೇಕಾಯಿತು. ಗಡಿಯ ಆಚೆ ಹರಿಯುವ ಆಲ್-ಅಮೆರಿಕನ್ ನಾಲೆ ಮಣ್ಣಿನದಾಗಿದ್ದ ಕಾಲದಲ್ಲಿ ಅದರಿಂದ ಜಿನುಗಿದ ನೀರು ದಶಕಗಳ ಕಾಲ ಈಚಿನ ಬಾವಿಗಳನ್ನು ತುಂಬಿಸುತ್ತಿತ್ತು. 2010ರ ಹೊತ್ತಿಗೆ ಅದರ ಒಂದು ದೊಡ್ಡ ಭಾಗಕ್ಕೆ ಕಾಂಕ್ರೀಟ್ ಹಾಕಲಾಯಿತು, ವರ್ಷಕ್ಕೆ ಸುಮಾರು ಎಂಟು ಕೋಟಿ ಘನ ಮೀಟರ್ ಜಿನುಗು ನಿಂತುಹೋಯಿತು. ಬಾವಿಯ ಮಟ್ಟ ಇಳಿಯುವುದನ್ನು ಕಣ್ಣಾರೆ ಕಂಡವರಿಗೆ, ಇನ್ನೊಬ್ಬ ದೊಡ್ಡ ಬಳಕೆದಾರ ಬಂದರೂ ಏನೂ ಆಗದು ಎಂದು ಹೇಳಿ ನಂಬಿಸುವುದು ಕಷ್ಟ.

ಇನ್ನು ಭೂಮಿಯ ಮಾತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕಣಿವೆಯ ಬಹುಪಾಲು ಜಮೀನು ಲಾಸ್ ಏಂಜಲಿಸ್‌ನ ಬಂಡವಾಳಗಾರರ ಕೊಲೊರಾಡೊ ರಿವರ್ ಲ್ಯಾಂಡ್ ಕಂಪನಿಯ ಕೈಯಲ್ಲಿತ್ತು. 1937ರ ಜನವರಿ 27ರಂದು ಭೂಹೀನ ರೈತರು ಆ ಜಮೀನಿಗೆ ನುಗ್ಗಿದರು. ಅಧ್ಯಕ್ಷ ಕಾರ್ಡೆನಾಸ್ ಸರ್ಕಾರ ಅದನ್ನು ಎಹಿಡೊ ಎಂಬ ಸಾಮುದಾಯಿಕ ಹಿಡುವಳಿಗಳಾಗಿ ಹಂಚಿತು. ಆ ದಿನವನ್ನು ಅಲ್ಲಿ ಇಂದಿಗೂ ಆಚರಿಸುತ್ತಾರೆ. ಅಜ್ಜಂದಿರು ಹೋರಾಡಿ ಪಡೆದ ಜಮೀನಿನ ನೀರು, ಉತ್ಪನ್ನವನ್ನೆಲ್ಲ ಗಡಿಯಾಚೆಗೆ ಕಳಿಸುವ ವಿದೇಶಿ ಕಂಪನಿಯ ಬಾಟಲಿಗೆ ಹೋಗುವುದನ್ನು ಮೊಮ್ಮಕ್ಕಳು ಕೇವಲ ಘನ ಮೀಟರ್‌ಗಳಲ್ಲಿ ಅಳೆಯಲಿಲ್ಲ, ಅಳೆಯಬೇಕಾಗಿಯೂ ಇರಲಿಲ್ಲ.

ಯೋಜನೆ ಬಂದ ರೀತಿಯೇ ಅದರ ವಿರುದ್ಧ ಸಾಕ್ಷಿ ಹೇಳುತ್ತದೆ. ರಾಜ್ಯ ಸರ್ಕಾರ ಕಂಪನಿಗೆ ಮೊದಲು ಮಾತು ಕೊಟ್ಟು, ಜನರಿಗೆ ಆಮೇಲೆ ತಿಳಿಸಿತು. ನೀರು ಸರಬರಾಜಿನಲ್ಲಿ ಖಾಸಗಿಯವರಿಗೆ ದಾರಿ ಮಾಡಿಕೊಡುವ ಕಾನೂನೊಂದು 2016ರ ಕೊನೆಯಲ್ಲಿ ಅಂಗೀಕಾರವಾಗಿ, ಬೀದಿಗಿಳಿದ ಜನರ ಒತ್ತಡಕ್ಕೆ ಮರುತಿಂಗಳೇ ರದ್ದಾಯಿತು. ಮೆಕ್ಸಿಕಾಲಿ ರೆಸಿಸ್ತೆ ಎಂಬ ಚಳವಳಿ ಗಟ್ಟಿಯಾದದ್ದು ಆ ದಿನಗಳಲ್ಲಿ. 2018ರ ಜನವರಿಯಲ್ಲಿ ಕಾರ್ಖಾನೆಯ ಕೊಳವೆ ಮಾರ್ಗವನ್ನು ತಡೆಯಲು ಹೊಲದಲ್ಲಿ ನಿಂತವರಿಗೂ ಪೊಲೀಸರಿಗೂ ಘರ್ಷಣೆಯಾಯಿತು. 2020ರ ಜನಾಭಿಪ್ರಾಯ ಸಂಗ್ರಹ ತಡವಾಯಿತೆಂದು ದೂರುವವರು, ಅದನ್ನು 2016ರಲ್ಲೇ ಮಾಡದಿದ್ದವರು ಯಾರೆಂದು ಕೇಳಿಕೊಳ್ಳಬೇಕು.

ಉದ್ಯೋಗದ ವಾದಕ್ಕೆ ಹೆಚ್ಚು ಮಾತು ಬೇಡ. ಕಟ್ಟುವಾಗ ಸಾವಿರಾರು ಕೈಗಳಿಗೆ ಕೆಲಸವಿರುತ್ತದೆ. ಕಟ್ಟಿ ಮುಗಿದ ಮೇಲೆ ಆಧುನಿಕ ಬಿಯರ್ ಕಾರ್ಖಾನೆ ಬಹುಪಾಲು ತಾನೇ ನಡೆಯುತ್ತದೆ.

ವಿರೋಧ: ನಿಲ್ಲಿಸಿದ್ದು ತಪ್ಪು

ಲೆಕ್ಕ ಬೇಡವೆನ್ನುವವರೊಡನೆ ಲೆಕ್ಕವನ್ನೇ ಮಾಡಬೇಕು. ಒಂದು ಲೀಟರ್ ಬಿಯರ್ ತಯಾರಿಸಲು ಕಾರ್ಖಾನೆಯಲ್ಲಿ ಮೂರರಿಂದ ನಾಲ್ಕು ಲೀಟರ್ ನೀರು ಬೇಕು. ಮೆಕ್ಸಿಕಾಲಿಯ ಕಾರ್ಖಾನೆ ವರ್ಷಕ್ಕೆ 50 ಕೋಟಿ ಲೀಟರ್‌ನಿಂದ ಆರಂಭಿಸಿ, ಮುಂದೆಂದಾದರೂ 200 ಕೋಟಿ ಲೀಟರ್‌ಗೆ ಬೆಳೆಯಬಹುದೆಂಬುದು ಯೋಜನೆ. ಆ ಗರಿಷ್ಠ ಮಟ್ಟವನ್ನೇ ಹಿಡಿದರೂ ಬೇಕಾಗುವುದು ಸುಮಾರು 70 ಲಕ್ಷ ಘನ ಮೀಟರ್, ಅಂದರೆ ಕಾಲು ಟಿಎಂಸಿ. 65 ಟಿಎಂಸಿಯಲ್ಲಿ ಕಾಲು ಟಿಎಂಸಿ. ಈ ಬಿಸಿಲಿನಲ್ಲಿ ವರ್ಷವಿಡೀ ಬೆಳೆಯುವ ಲೂಸರ್ನ್ ಮೇವು ಹೆಕ್ಟೇರಿಗೆ ಹದಿನೆಂಟು ಸಾವಿರ ಘನ ಮೀಟರ್‌ನಷ್ಟು ನೀರು ಕುಡಿಯುತ್ತದೆ. ಹಾಗೆ ನೋಡಿದರೆ ಕಾರ್ಖಾನೆಯ ಪೂರ್ಣ ಬೇಡಿಕೆ ನಾನೂರು ಹೆಕ್ಟೇರ್ ಮೇವಿನ ಹೊಲಕ್ಕೆ ಸಮ. ಈ ನೀರಾವರಿ ಪ್ರದೇಶದ ವಿಸ್ತೀರ್ಣ ಸುಮಾರು ಎರಡು ಲಕ್ಷ ಹೆಕ್ಟೇರ್. ಕಾರ್ಖಾನೆಯ ನಲ್ಲಿ ಬರಗಾಲದಲ್ಲೂ ತೆರೆದಿರಬೇಕೆಂಬ ವಾದ ತರ್ಕಬದ್ಧವೇ ಹೌದು, ಎದುರು ಪಾಳಯದ ಅತ್ಯುತ್ತಮ ವಾದವೂ ಅದೇ. ಆದರೆ ಇಷ್ಟು ಸಣ್ಣ ಪ್ರಮಾಣದ ನಲ್ಲಿಯನ್ನು ಕಣಿವೆಯ ಹಣೆಬರಹವೆಂದು ಚಿತ್ರಿಸಿದ್ದು ಉತ್ಪ್ರೇಕ್ಷೆ.

ನೀರನ್ನು ರಫ್ತು ಮಾಡುವುದು ಅಪರಾಧವಾದರೆ, ಅಪರಾಧಿ ಬಿಯರ್ ಒಂದೇ ಅಲ್ಲ. ಎಳೆ ಈರುಳ್ಳಿಯ ಹೊಲಕ್ಕೆ ಕೂಲಿಯಾಳುಗಳು ನಸುಕಿನಲ್ಲೇ ಇಳಿಯುತ್ತಾರೆ. ಬಗ್ಗಿ ಗಿಡ ಕಿತ್ತು, ಮಣ್ಣು ಕೊಡವಿ, ಕತ್ತರಿಯಿಂದ ಬೇರು ಸವರಿ, ಐದಾರು ಗಿಡಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಕಟ್ಟಿನ ಎಣಿಕೆಯ ಮೇಲೆ ಕೂಲಿ. ಆ ಕಟ್ಟುಗಳು ಐಸ್ ಹಾಕಿದ ಪೆಟ್ಟಿಗೆಗಳಲ್ಲಿ ಹೋಗಿ ಬೀಳುವುದೂ ಅಮೆರಿಕದ ಸೂಪರ್ ಮಾರ್ಕೆಟ್‌ಗಳಿಗೇ. ಅಲ್ಲಿಗೆ ಹೋಗುವ ಈರುಳ್ಳಿಯಲ್ಲಿರುವ ಕೊಲೊರಾಡೊ ನೀರಿನ ಬಗ್ಗೆ ಯಾರೂ ಮೆರವಣಿಗೆ ತೆಗೆದದ್ದಿಲ್ಲ. ಆ ಬೆನ್ನುಗಳಿಗೆ ನೆರಳಿನಡಿಯ ಕೆಲಸ ಬೇಡವೇ ಎಂದು ಕೇಳಿದರೆ, ಕಾರ್ಖಾನೆಯಲ್ಲಿ ಕೆಲಸಗಳೇ ಕಡಿಮೆ ಎಂಬ ಉತ್ತರ ಬರುತ್ತದೆ. ಕಡಿಮೆಯೇ ಇರಬಹುದು, ಆದರೆ ತಿಂಗಳ ಸಂಬಳ, ವಿಮೆ, ಪಿಂಚಣಿ ಇರುವ ಕೆಲವು ನೂರು ನೌಕರಿಗಳನ್ನು ಹೀಗೆ ಕೈಬೀಸಿ ತಳ್ಳಿಹಾಕಲು ಸಾಧ್ಯವಾಗುವುದು ಅಂಥ ನೌಕರಿಯ ಅಗತ್ಯ ಇಲ್ಲದವರಿಗೆ ಮಾತ್ರ.

1937ರ ನೆನಪು ದೊಡ್ಡದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೂ ಮೆಕ್ಸಿಕಾಲಿ ಆ ವರ್ಷದಲ್ಲೇ ನಿಂತುಕೊಂಡಿಲ್ಲ. ಇಲ್ಲಿ ಕೆನ್‌ವರ್ತ್ ಟ್ರಕ್‌ಗಳು ತಯಾರಾಗತೊಡಗಿ ಅರವತ್ತು ವರ್ಷ ದಾಟಿದೆ. ಅಮೆರಿಕದ ಹೊಲಗಳಿಗೆ ಕೂಲಿಗಳನ್ನು ಕರೆದೊಯ್ಯುತ್ತಿದ್ದ ಬ್ರಸೆರೊ ವ್ಯವಸ್ಥೆ 1964ರಲ್ಲಿ ಮುಗಿದಾಗ, ವಾಪಸಾದ ಆಳುಗಳಿಗೆ ಕೆಲಸ ಕೊಡಲೆಂದೇ ಮರುವರ್ಷ ಗಡಿಯುದ್ದಕ್ಕೂ ಮಕಿಲಾದೋರಾ ಎಂಬ, ಹೊರಗಿನ ಬಿಡಿಭಾಗ ಜೋಡಿಸಿ ರಫ್ತು ಮಾಡುವ ಕಾರ್ಖಾನೆಗಳ ಯೋಜನೆ ಆರಂಭವಾಯಿತು. ವಿದೇಶಿ ಬಂಡವಾಳ, ಗಡಿಯಾಚೆಯ ಮಾರುಕಟ್ಟೆ, ಈಚೆಯ ದುಡಿಮೆ ಎಂಬ ಇದೇ ಸೂತ್ರದ ಮೇಲೆ ಬೆಳೆದ ನಗರ, ಬಿಯರ್ ಬಂದಾಗ ಮಾತ್ರ ಸೂತ್ರವೇ ಪಾಪವೆಂದದ್ದು ವಿಚಿತ್ರ.

ಇನ್ನು ಆ ಮತದಾನ. ಹತ್ತೂವರೆ ಲಕ್ಷ ಜನರಿರುವಲ್ಲಿ ಮತ ಹಾಕಿದವರು 36,781 ಮಂದಿ, ಅಂದರೆ ಮತದಾರರಲ್ಲಿ ನೂರಕ್ಕೆ ಐದರ ಆಸುಪಾಸು. ಜನಾಭಿಪ್ರಾಯ ಸಂಗ್ರಹದ ಫಲಿತಾಂಶ ಸರ್ಕಾರವನ್ನು ಕಟ್ಟಿಹಾಕಬೇಕಾದರೆ ಶೇ. 40ರಷ್ಟು ಮತದಾರರು ಭಾಗವಹಿಸಿರಬೇಕು, ಅದನ್ನು ರಾಷ್ಟ್ರೀಯ ಚುನಾವಣಾ ಸಂಸ್ಥೆಯೇ ನಡೆಸಬೇಕು ಎಂದು ಮೆಕ್ಸಿಕೊದ ಸಂವಿಧಾನ ಹೇಳುತ್ತದೆ. ಇಲ್ಲಿ ನಡೆಸಿದ್ದು ಗೃಹ ಸಚಿವಾಲಯ. ಕೋವಿಡ್ ಕಾರಣಕ್ಕೆ ಮನೆಯಲ್ಲೇ ಇರಿ ಎಂಬ ರಾಷ್ಟ್ರೀಯ ಅಭಿಯಾನ ಶುರುವಾದದ್ದು ಮತದಾನ ಮುಗಿದ ಮರುದಿನ, ಮಾರ್ಚ್ 23ರಂದು! ಸುಮಾರು 90 ಕೋಟಿ ಡಾಲರ್ ಖರ್ಚಾಗಿದ್ದ ಯೋಜನೆಯ ಹಣೆಬರಹ ಇಂಥ ವಾರಾಂತ್ಯದಲ್ಲಿ ನಿರ್ಧಾರವಾಯಿತು. 2016ರಲ್ಲಿ ಜನರನ್ನು ಕೇಳದೆ ಇದ್ದದ್ದು ತಪ್ಪೆಂಬುದನ್ನು ಒಪ್ಪಬೇಕು. ಆದರೆ ಒಂದು ಸರ್ಕಾರ ಬಾಗಿಲು ಮುಚ್ಚಿ ಮಾಡಿದ ತಪ್ಪಿಗೆ ಇನ್ನೊಂದು ಸರ್ಕಾರ ಕಾನೂನಿನ ಹೊರಗೆ ಪೆಟ್ಟಿಗೆ ಇಟ್ಟದ್ದು ಪರಿಹಾರವಾಗುವುದಿಲ್ಲ.

ಕಂಪನಿ 65 ಕೋಟಿ ಡಾಲರ್‌ಗೂ ಮೀರಿದ ನಷ್ಟವನ್ನು ತನ್ನ ಲೆಕ್ಕಪುಸ್ತಕದಲ್ಲಿ ಬರೆದುಕೊಂಡು, ಹೊಸ ಕಾರ್ಖಾನೆಯನ್ನು ನೀರು ಹೇರಳವಾಗಿರುವ ವೆರಾಕ್ರೂಸ್‌ನಲ್ಲಿ ಕಟ್ಟುವುದಾಗಿ 2022ರಲ್ಲಿ ಹೇಳಿತು. ಬಿಯರ್ ಕಾರ್ಖಾನೆ ನೀರಿರುವ ಕಡೆಗೇ ಹೋಗಲಿ ಎಂಬುದಕ್ಕೆ ಇದೇ ಪುರಾವೆ ಎಂದು ಚಳವಳಿಗಾರರು ಹೇಳಬಹುದು, ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಅದರಿಂದ ಮೆಕ್ಸಿಕಾಲಿಗೆ ದಕ್ಕಿದ್ದೇನು ಎಂಬುದು ಬೇರೆ ಪ್ರಶ್ನೆ. ಹೊಲದ ನಾಲೆಗಳಿಗೆ ಕಾಂಕ್ರೀಟ್ ಹಾಕಿಸುವ ಖರ್ಚನ್ನು ಕಂಪನಿಯ ಮೇಲೆ ಹೊರಿಸಬಹುದಿತ್ತು. ಕಾರ್ಖಾನೆಯ ಮೀಟರ್ ಎಷ್ಟು ಓಡಿತೆಂಬುದನ್ನು ಪ್ರತಿ ತಿಂಗಳು ಬಹಿರಂಗಪಡಿಸುವ ಷರತ್ತು ಹಾಕಬಹುದಿತ್ತು. ನದಿಯ ಪಾಲು ಕಡಿತವಾದ ವರ್ಷ ಕಾರ್ಖಾನೆಯ ಪಾಲೂ ಅದೇ ಪ್ರಮಾಣದಲ್ಲಿ ಕಡಿತವಾಗಬೇಕೆಂದು ಬರೆಸಿಕೊಳ್ಳಬಹುದಿತ್ತು, ಕಂಪನಿ ಒಪ್ಪದಿದ್ದರೆ ಆಗ ಬೇಡವೆನ್ನಬಹುದಿತ್ತು. ಹೌದು, ಅಲ್ಲ ಎಂಬ ಎರಡೇ ಆಯ್ಕೆಗಳಿದ್ದ ಮತಪತ್ರದಲ್ಲಿ ಇವುಗಳಲ್ಲಿ ಒಂದಕ್ಕೂ ಜಾಗವಿರಲಿಲ್ಲ.