ಬಿಸಿಲೂರಿನಲ್ಲಿ ಚಿತ್ರಪ್ರದರ್ಶನ ಸಂಜೆ ಇಡಬಾರದೇನ್ರಿ?

ಮೇ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡರ ಮೇಲೆ ಕಲಬುರಗಿ ರಸ್ತೆಯಲ್ಲಿ ಯಾರಿರುತ್ತಾರೆ ಹೇಳಿ? ನಾಯಿ ಕೂಡ ನಿಂತ ಲಾರಿ ಕೆಳಗೆ ಮಲಗಿರುತ್ತದೆ. ಅಂಥ ಹೊತ್ತಲ್ಲಿ ಕಳೆದ ವರ್ಷ ನಾನು ರಜೆಗೆ ಬಂದಿದ್ದ ಅಕ್ಕನ ಮಕ್ಕಳಿಬ್ಬರನ್ನು ಗಾಡಿ ಮೇಲೆ ಕೂರಿಸಿಕೊಂಡು, ಚಿತ್ರ ತೋರಿಸ್ತೀನಿ ಬರ್ರಿ ಅಂತ ಒಂದು ಗ್ಯಾಲರಿಗೆ ಹೋದೆ. ಯಾವುದು ಅಂತ ಹೇಳಲ್ಲ. ಹೇಳಿದರೆ ಪಾಪ ಬಾಗಿಲಲ್ಲಿ ಕೂತಿದ್ದ ಕಾವಲಿನವರಿಗೆ ಬೈಗುಳ ಬೀಳುತ್ತದೆ, ತಪ್ಪು ಅವರದಲ್ಲ.

"ಕರೆಂಟ್ ಹೋಗ್ಯಾದ ಸರ್, ಒಳಗ ಏನೂ ಕಾಣಂಗಿಲ್ಲ. ನಾಕಕ್ಕ ಬರ್ರಿ" ಅಂದರು.

"ಎಷ್ಟಕ್ಕೆ ಮುಚ್ತೀರಿ?"

"ಐದಕ್ಕ."

ನಾಲ್ಕಕ್ಕೆ ಮತ್ತೆ ಹೋಗೋಕೆ ಆ ಬಿಸಿಲಲ್ಲಿ ಯಾರಿಗೆ ಮನಸ್ಸು ಬರುತ್ತದೆ. ಕಬ್ಬಿನ ಹಾಲು ಕುಡಿದು ವಾಪಸ್ ಬಂದೆವು. ದೊಡ್ಡವನು ದಾರಿಯುದ್ದಕ್ಕೂ "ಮಾಮಾ, ಮಾಲ್‌ಗೆ ಹೋಗಿದ್ರೆ ಎಸಿ ಆದ್ರೂ ಇರ್ತಿತ್ತು" ಅಂತ ಒಂದೇ ಸಮ. ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನೋಡಿ, ನಮ್ಮ ಭಾಗದ ಬಿಸಿಲು ಎಂಥದ್ದು ಅಂತ ಸರ್ಕಾರಕ್ಕೂ ಗೊತ್ತು. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಕಚೇರಿಗಳ ಹೊತ್ತನ್ನೇ ಬದಲು ಮಾಡುತ್ತಾರೆ, ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಕಾಗದ ಪತ್ರದ ಕೆಲಸಕ್ಕೇ ಇಷ್ಟು ಯೋಚನೆ ಮಾಡುವಾಗ, ಜನ ಖುಷಿಯಿಂದ ಬರಬೇಕಾದ ಜಾಗಕ್ಕೆ ಯಾಕೆ ಬೇಡ? ಈ ಊರು ಬೇಸಿಗೆಯಲ್ಲಿ ಏಳುವುದೇ ಸಂಜೆ ಆರಕ್ಕೆ. ಪಬ್ಲಿಕ್ ಗಾರ್ಡನ್ ಕಡೆ ಹೋಗಿ ನೋಡಿ, ಅಪ್ಪನ ಕೆರೆ ಕಡೆ ಹೋಗಿ ನೋಡಿ, ರಾತ್ರಿ ಒಂಬತ್ತಾದರೂ ಹೆಂಗಸರು ಮಕ್ಕಳು ಕೂತೇ ಇರುತ್ತಾರೆ. ಹೇಗಿದ್ದರೂ ಮನೆಯೊಳಗೆ ಗೋಡೆ ಕಾದು ಒಲೆಯಾಗಿರುತ್ತದೆ. ಆರರಿಂದ ಒಂಬತ್ತರವರೆಗೆ ಬಾಗಿಲು ತೆಗೆದಿಡಿ, ಹೊರಗೆ ಎರಡು ರಂಜಣಿಗೆ ತಣ್ಣೀರು ಇಡಿ. ಜನ ನೀರು ಕುಡಿಯೋಕಾದರೂ ಒಳಗೆ ಬರುತ್ತಾರೆ, ಬಂದವರು ಗೋಡೆ ನೋಡದೇ ಹೋಗುತ್ತಾರಾ?

ತಮಾಷೆ ಏನಂದರೆ ಕಲೆಯ ದಿನಾಚರಣೆಗಳೆಲ್ಲ ಬರುವುದು ಬೇಸಿಗೆಯಲ್ಲೇ. ಏಪ್ರಿಲ್ 15 ವಿಶ್ವ ಕಲಾ ದಿನ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ, 1977ರಿಂದ ನಡೆದುಬಂದದ್ದು. ದಿನ ಗೊತ್ತು ಮಾಡಿದವರು ಕಲಬುರಗಿ ಮೇ ತಿಂಗಳು ನೋಡಿರಲಿಕ್ಕಿಲ್ಲ ಬಿಡಿ. ನಾನು ನೋಡಿದ ಇಂಥ ಕಾರ್ಯಕ್ರಮಗಳ ಕಥೆ ಒಂದೇ. ಹತ್ತು ಗಂಟೆ ಅಂತ ಕಾರ್ಡಿನಲ್ಲಿ ಇರುತ್ತದೆ, ಮುಖ್ಯ ಅತಿಥಿ ಹನ್ನೆರಡಕ್ಕೆ ಬರುತ್ತಾರೆ, ದೀಪ, ಶಾಲು, ಹಾರ, ಮಾತು, ಮತ್ತೆ ಮಾತು. ಚಿತ್ರ ಬಿಡಿಸಿದ ಹುಡುಗಿ ಕೊನೇ ಸಾಲಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತಿರುತ್ತಾಳೆ. ಉಪ್ಪಿಟ್ಟು ಮುಗಿದ ಮೇಲೆ ಹಾಲ್‌ನಲ್ಲಿ ಉಳಿಯುವುದು ಚಿತ್ರಗಳು ಮತ್ತು ಶಾಮಿಯಾನದವನು.

ಇಷ್ಟಕ್ಕೂ ನಮ್ಮ ಊರು ಚಿತ್ರಕ್ಕೆ ಬರಗೆಟ್ಟ ಊರಲ್ಲ. ಎಸ್.ಎಂ. ಪಂಡಿತರು ಇಲ್ಲಿ ಹುಟ್ಟಿದವರು, 1916ರಲ್ಲಿ. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ಪತ್ರಿಕೆಗಳ ಮುಖಪುಟ ಬರೆದರು, ಆಮೇಲೆ ಕ್ಯಾಲೆಂಡರ್‌ಗೆ ದೇವರುಗಳನ್ನು ಬರೆದರು. ಆ ಶಿವ, ಆ ಪಾರ್ವತಿ, ಆ ರಾಧಾಕೃಷ್ಣರ ಮೈಬಣ್ಣ, ಕಣ್ಣಿನ ಹೊಳಪು ನೋಡಿದರೆ ಈಗಲೂ ನಿಂತುಬಿಡಬೇಕು. ಅವರು ತೀರಿಕೊಂಡದ್ದು 1993ರಲ್ಲಿ. ಇವತ್ತಿನ ಹುಡುಗರನ್ನು ಪಂಡಿತರು ಯಾರಪ್ಪಾ ಅಂತ ಕೇಳಿದರೆ "ರಂಗಮಂದಿರ" ಅನ್ನುತ್ತಾರೆ. ನಗು ಬರುತ್ತದೆ, ಆದರೆ ಹುಡುಗರು ಏನು ಮಾಡಬೇಕು, ಹೆಸರು ಕಂಡದ್ದು ಕಟ್ಟಡದ ಮೇಲೆ ತಾನೇ.

ನನಗೆ ಕಾಡುವುದು ಬೇರೆ. ನಮ್ಮ ಓಣಿಯಲ್ಲಿ ಆರ್ಟ್ ಗ್ಯಾಲರಿ ಮೆಟ್ಟಿಲು ಹತ್ತಿದವರು ಆಗ ಒಬ್ಬರೂ ಇರಲಿಲ್ಲ. ಆದರೂ ಚಿತ್ರ ಎಲ್ಲರ ಮನೆಯಲ್ಲೂ ಇತ್ತು. ಕಿರಾಣಿ ಅಂಗಡಿಯವರು ದೀಪಾವಳಿಗೆ ಕೊಟ್ಟ ಕ್ಯಾಲೆಂಡರ್, ವರ್ಷ ಮುಗಿದ ಮೇಲೆ ತಾರೀಖಿನ ಹಾಳೆ ಹರಿದು, ಚಿತ್ರಕ್ಕೆ ಕಟ್ಟು ಹಾಕಿಸಿ ದೇವರ ಕೋಣೆಗೆ. ಮುಂಬೈಯ ಚಿತ್ರಕಾರ ನಮ್ಮ ಮನೆವರೆಗೆ ತಾನೇ ನಡೆದು ಬಂದಿದ್ದ. ಮ್ಯೂಸಿಯಂ ಅದರ ಅರ್ಧ ದಾರಿಯಾದರೂ ಬರಬೇಕೋ ಬೇಡವೋ?

ಹಾಗಾಗಿ ನನ್ನದೊಂದು ಐಡಿಯಾ. ಈ ಬೇಸಿಗೆಯಲ್ಲಿ ಊರಿನ ಮನೆಮನೆಯ ಹಳೇ ಕ್ಯಾಲೆಂಡರ್, ಕಟ್ಟು ಹಾಕಿಸಿದ ದೇವರ ಪಟ, ಮದುವೆ ಮನೆ ಗೋಡೆಗೆ ಬರೆಸಿದ ಚಿತ್ರದ ಫೋಟೋ ಇವನ್ನೆಲ್ಲ ತಂದು ಒಂದು ಪ್ರದರ್ಶನ ಮಾಡಿ. ಪಟದ ಕೆಳಗೆ ಚಿತ್ರಕಾರನ ಹೆಸರು ಮತ್ತು "ಇದು ಬ್ರಹ್ಮಪುರದ ಇಂಥವರ ಅಜ್ಜಿಯ ದೇವರ ಕೋಣೆಯದು" ಅಂತ ಒಂದು ಚೀಟಿ. ಆ ಮನೆಯವರು ಬರದೇ ಇರುತ್ತಾರಾ? ಬೀಗರನ್ನು ಕರೆದುಕೊಂಡು ಬರುತ್ತಾರೆ! ಜೊತೆಗೆ ಬಂದವರಿಗೆ ಒಂದು ಕೆಲಸದ ವಿಷಯವೂ ಹೇಳಬಹುದು. ಮುದ್ರಿಸಿದ ಬಣ್ಣ ಬೆಳಕಿಗೆ ಮಾಸುತ್ತದೆ, ಕಿಟಕಿ ಎದುರಿನ ಗೋಡೆಗೆ ಪಟ ತೂಗುಹಾಕಬಾರದು. ಮ್ಯೂಸಿಯಂನಲ್ಲಿ ಕಾಗದದ ಚಿತ್ರ ಇಟ್ಟ ಕಡೆ ದೀಪ ಮಂದ ಇರುವುದು ಜಿಪುಣತನಕ್ಕಲ್ಲ, ಇದೇ ಕಾರಣಕ್ಕೆ.

ಇನ್ನೊಂದು ಸಂಜೆ ಬೀದರಿನಿಂದ ಬಿದರಿ ಕೆಲಸದವರನ್ನು ಕರೆಸಿ. ಸುಮ್ನೆ ಗಾಜಿನ ಪೆಟ್ಟಿಗೆಯಲ್ಲಿ ಹೂದಾನಿ ಇಟ್ಟರೆ ಮಕ್ಕಳು ಅರ್ಧ ನಿಮಿಷ ನೋಡಿ ಮುಂದೆ ಹೋಗುತ್ತಾರೆ. ಅದನ್ನೇ ಎದುರಿಗೆ ಮಾಡಿ ತೋರಿಸಿ. ಸತು ಮತ್ತು ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆ, ಅದರ ಮೇಲೆ ಉಳಿಯಿಂದ ಕೊರೆದ ಬಳ್ಳಿ, ಆ ಗೀರಿನೊಳಗೆ ಸುತ್ತಿಗೆಯಿಂದ ಬಡಿದು ಕೂರಿಸಿದ ಬೆಳ್ಳಿ ತಂತಿ. ಇಲ್ಲಿವರೆಗೆ ಎಲ್ಲಾ ಬಿಳುಪು ಬಿಳುಪು, ಬಳ್ಳಿ ಸರಿಯಾಗಿ ಕಾಣುವುದೂ ಇಲ್ಲ. ಕೊನೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರ ಅನ್ನುವ ಉಪ್ಪಿನ ಜೊತೆ ನೀರಿಗೆ ಹಾಕಿ, ಅದರಿಂದ ಪಾತ್ರೆ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಅದು ಕಪ್ಪಾಗುವ ಹೊತ್ತಲ್ಲಿ ಮಕ್ಕಳ ಮುಖ ನೋಡಬೇಕು. 2023ರಲ್ಲಿ ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಸ್ಟೇಟಸ್ ಹಾಕಿದವರಲ್ಲಿ ಒಂದು ಬಿದರಿ ಉಂಗುರವಾದರೂ ಕೊಂಡವರೆಷ್ಟು? ನಾನೂ ಕೊಂಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಜನರ ಸಹಕಾರ ಇಲ್ಲ ಅಂತ ಗೋಳಾಡುವವರು ಒಮ್ಮೆ ಬೀದರ ಹತ್ತಿರದ ಅಷ್ಟೂರಿಗೆ ಹೋಗಿ ಬನ್ನಿ. 15ನೇ ಶತಮಾನದ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ ಗುಮ್ಮಟದ ಒಳಗೆ ಗೋಡೆ, ಛಾವಣಿ ತುಂಬ ಬಣ್ಣದ ಚಿತ್ತಾರ, ಬಂಗಾರದ ಅಕ್ಷರ. ಉರುಸಿಗೆ ಆಳಂದ ತಾಲೂಕಿನ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ಹಿಂದೂಗಳು ಆ ಸುಲ್ತಾನನನ್ನು ಅಲ್ಲಮಪ್ರಭು ಅಂತಲೇ ಕರೆಯುತ್ತಾರೆ, ಎಲ್ಲರೂ ಸೇರಿ ಜಾತ್ರೆ. ಅಲ್ಲಿಗೆ ಯಾರೂ ಕಲೆ ನೋಡೋಕೆ ಅಂತ ಹೋಗಲ್ಲ. ಹರಕೆಗೆ ಹೋಗುತ್ತಾರೆ, ತಲೆ ಎತ್ತುತ್ತಾರೆ, ಚಿತ್ತಾರ ಕಾಣುತ್ತದೆ. ಜನ ಬರಲ್ಲ ಅನ್ನುವ ಮಾತನ್ನು ನಾನಂತೂ ನಂಬಲ್ಲ.

ದುಡ್ಡಿನ ಮಾತು ಬಂದರೆ, ಹೌದು, ದುಡ್ಡು ಬೇಕು. ಕೂಲರ್‌ಗೆ ಬೇಕು, ಇನ್ವರ್ಟರ್‌ಗೆ ಬೇಕು, ಸಂಜೆ ಕೂರುವ ಕಾವಲಿನವರ ಜಾಸ್ತಿ ಪಗಾರಕ್ಕೆ ಬೇಕು. ಶಾಲು ಹಾರದ ಖರ್ಚು ಉಳಿಸಿದರೆ ಅದರಲ್ಲಿ ಸ್ವಲ್ಪ ಬರುತ್ತದೆ. ಉಳಿದದ್ದಕ್ಕೆ ಊರಿನ ವ್ಯಾಪಾರಸ್ಥರನ್ನು ಕೇಳಿ. ಗಣಪತಿಗೆ ಪಟ್ಟಿ ಕೊಡುವವರು ಇದಕ್ಕೂ ಕೊಟ್ಟಾರು. ಚೆಕ್ ಕೊಡುವ ಫೋಟೋ ಮಾತ್ರ ಒಂದೇ ಸಾಕು.

ನಮ್ಮ ಮನೆಯಿಂದಲೇ ಶುರು ಮಾಡೋಣ ಅಂತ ಮೊನ್ನೆ ಅವ್ವನ ಹತ್ತಿರ ವಿಷಯ ತೆಗೆದೆ. ದೇವರ ಕೋಣೆಯಲ್ಲಿ ಒಂದು ಶಿವಪಾರ್ವತಿ ಪಟ ಇದೆ, ಮೂಲೆಯಲ್ಲಿ ಪಂಡಿತರ ಸಹಿ. ಇಷ್ಟು ವರ್ಷ ಅದರ ಮೇಲೆ ಕುಂಕುಮ ಮೆತ್ತಿಕೊಂಡಿತ್ತು, ಒರೆಸಿದ ಮೇಲೆ ಕಂಡಿತು.

"ಪ್ರದರ್ಶನಕ್ಕ ಒಯ್ಯಲೇನವ್ವ?" ಅಂದೆ.

"ದೇವರಿಗಿ ಎಲ್ಲಿಗಿ ಒಯ್ತಿಯೋ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ದಿನ ಇಟ್ಕೋತಾರ? ತಗೊಂಡಿವಿ ಅಂತ ಚೀಟಿ ಬರೆದು ಕೊಡ್ತಾರೇನು?"