ಮಂಡ್ಯ ಕನ್ನಡಕ್ಕೆ ಸ್ಲ್ಯಾಂಗ್ ಅನ್ಬೇಡ್ರಪ್ಪಾ

ಈ 'ಮಂಡ್ಯ ಸ್ಲ್ಯಾಂಗ್' ಅನ್ನೋ ಮಾತು ಕೇಳ್ದಾಗೆಲ್ಲ ನಂಗೆ ಒಂಥರಾ ಸಂಕಟ. ರೀಲ್ಸಲ್ಲಿ ಯಾರೋ 'ಏನ್ಲಾ, ಎಲ್ಗೋಗಿದ್ದೆ, ಬತ್ತೀಯೋ ಇಲ್ವೋ' ಅಂದ್ರೆ ಸಾಕು, ಕೆಳಗೆ ಕಾಮೆಂಟಲ್ಲಿ ಮಂಡ್ಯ ಸ್ಲ್ಯಾಂಗ್ ಸೂಪರ್ ಗುರು ಅಂತ ಸಾಲು ಸಾಲು. ಮೆಚ್ಕೊಂಡೇ ಹೇಳ್ತಾರೆ, ಗೊತ್ತು. ಆದ್ರೂ ಬತ್ತೀನಿ, ಓಯ್ತೀನಿ ಅನ್ನೋದು ಸ್ಲ್ಯಾಂಗ್ ಅಲ್ಲ ಸ್ವಾಮಿ, ಅದು ನಮ್ಮವ್ವನ ಕನ್ನಡ. ಅವ್ವ ಗದ್ದೆ ಬದಿನ ಮೇಲೆ ನಿಂತು ಆಳುಗಳ್ನ ಕೂಗೋದು, ದ್ಯಾವ್ರಿಗೆ ಹರಕೆ ಹೊತ್ಕೊಳೋದು, ಸಾವಿನ ಮನೇಲಿ ಅಳೋದು ಎಲ್ಲಾ ಅದ್ರಲ್ಲೇ. ಸ್ಲ್ಯಾಂಗಲ್ಲಿ ಯಾರಾದ್ರೂ ಸತ್ತೋರಿಗೆ ಅಳ್ತಾರಾ?

ಸ್ಲ್ಯಾಂಗ್ ಅಂದ್ರೆ ಒಂದು ಗುಂಪು ಬೇಕೂ ಅಂತ ಕಟ್ಕೊಳೋ ಮಾತು, ಮಜಕ್ಕೋ, ಇಲ್ಲಾ ಪಕ್ಕದೋನಿಗೆ ತಿಳೀಬಾರ್ದು ಅಂತಲೋ. ನಮ್ಮ ಕಡೆ ದನಗಳ ಜಾತ್ರೇಲಿ ದಲ್ಲಾಳಿಗಳ್ನ ನೋಡಿ, ಟವೆಲ್ ಒಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡ್ಕೊಂಡೇ ರೇಟ್ ಮಾತಾಡ್ತಾರೆ, ಇವನೊಂದ್ ಬೆರಳು ಒತ್ತುತಾನೆ ಅವನು ತಲೆ ಅಲ್ಲಾಡಿಸ್ತಾನೆ, ಸುತ್ತ ಅಷ್ಟು ಜನ ನಿಂತಿದ್ರೂ ಎತ್ತು ಎಷ್ಟಕ್ಕೆ ಕುದುರ್ತು ಅಂತ ಒಬ್ಬರಿಗೂ ಗೊತ್ತಾಗಲ್ಲ. ಬಾಯಲ್ಲಿ ಮಾಡಿದ್ರೆ ಅದೇ ಸ್ಲ್ಯಾಂಗ್. ಇಸ್ಕೂಲ್ ಹೆಣ್ಮಕ್ಕಳು 'ನಾನು' ಅನ್ನೋದನ್ನ 'ಕನಾಕನು' ಅಂತ ಕ-ಭಾಷೇಲಿ ಮಾತಾಡ್ತಾ ಇದ್ರಲ್ಲ, ಅದೂ ಇದೇ ಜಾತಿ. ಫ್ರಾನ್ಸಲ್ಲಿ ಪದಾನೇ ಉಲ್ಟಾ ಮಾಡ್ತಾರೆ. ಲಾಂವೆರ್ ಅಂದ್ರೆ ಉಲ್ಟಾ, ಅದನ್ನೇ ತಿರುಗಿಸಿ ಆ ಮಾತಿಗೆ ವೆರ್ಲಾಂ ಅಂತ ಹೆಸರಿಟ್ಟಿದಾರೆ! ಹೆಂಗಸು ಅನ್ನೋಕಿರೋ 'ಫಾಮ್' ತಿರುಗಿ 'ಮಫ್' ಆಗಿ ಈಗ ಡಿಕ್ಷನರಿಗೂ ಸೇರ್ಕೊಂಡಿದೆ.

ಲಂಡನ್ ವಿಷ್ಯ ಇನ್ನೂ ಚೆನ್ನಾಗಿದೆ. ಅಲ್ಲಿ ಈಸ್ಟ್ ಎಂಡ್ ಜನ ಮೆಟ್ಲಿಗೆ, ಅಂದ್ರೆ 'ಸ್ಟೇರ್ಸ್'ಗೆ, ಪ್ರಾಸ ಕೂಡುತ್ತೆ ಅಂತ 'ಆಪಲ್ಸ್ ಅಂಡ್ ಪೇರ್ಸ್' ಅಂತಾರೆ, 19ನೇ ಶತಮಾನದಿಂದ ಬಂದಿರೋ ಸ್ಲ್ಯಾಂಗ್ ಅದು. ಅದೇ ಜನ 'ಹೌಸ್' ಅನ್ನೋಕೆ 'ಔಸ್' ಅಂತಾರೆ. ಅದು ಸ್ಲ್ಯಾಂಗಲ್ಲ, ಅವರ ನಾಲಿಗೆ ಇರೋದೇ ಹಂಗೆ. ಒಂದೇ ಬೀದಿ, ಒಂದೇ ಬಾಯಿ, ಎರಡು ಬೇರೆ ಬೇರೆ ಸಂಗತಿ. ನಾವು ಹಾಲಿಗೆ 'ಆಲು', ಹೂವಿಗೆ 'ಊವ' ಅಂದ್ರೂ ಅಷ್ಟೇ. ಹಳಗನ್ನಡದಲ್ಲಿ ಅದು ಪಾಲ್ ಇತ್ತು, ಪೂ ಇತ್ತು. ಪ ಹೋಗಿ ಹ ಬಂತು, ನಮ್ಮ ಬಾಯಲ್ಲಿ ಆ ಹ ಕೂಡ ಹೋಯ್ತು. ಮೊದಲನೇದಕ್ಕೆ ಶುದ್ಧ ಕನ್ನಡ ಅಂತೀರಿ, ಎರಡನೇದಕ್ಕೆ ಯಾಕೆ ನಗ್ತೀರಿ?

ಸ್ಲ್ಯಾಂಗ್ ಕಂಡ್ರೆ ನಂಗೇನೂ ಕೋಪ ಇಲ್ಲ. ಮೈಸೂರಲ್ಲಿ ಕಾಲೇಜ್ ಹೈಕ್ಳು ಮಗಾ, ಮಚ್ಚಾ, ಡೌ ಹೊಡೀಬೇಡ ಅನ್ನೋದು ಕೇಳೋಕೆ ಖುಷಿನೇ. ಈಗ 'ರಿಝ್' ಬಂದಿದೆ, ಮಾತಲ್ಲೇ ಮನಸ್ಸು ಗೆಲ್ಲೋ ಮೋಡಿ ಅಂತ ಅರ್ಥ, 2023ರಲ್ಲಿ ಆಕ್ಸ್‌ಫರ್ಡ್‌ನೋರು ವರ್ಷದ ಪದ ಅಂತ ಆರಿಸಿದ್ರು. ನಾವು ದಿನಾ ಅನ್ನೋ 'ಓಕೆ' ಕೂಡ 1839ರಲ್ಲಿ ಬಾಸ್ಟನ್ನಿನ ಒಂದು ಪೇಪರಲ್ಲಿ 'ಆಲ್ ಕರೆಕ್ಟ್' ಅನ್ನೋದನ್ನ ಬೇಕಂತಲೇ ತಪ್ಪು ಸ್ಪೆಲಿಂಗಲ್ಲಿ 'oll korrect' ಮಾಡಿ, ಅದರ ಮೊದಲಕ್ಷರ o.k. ಅಂತ ಬರೆದ ತಮಾಷೆ ಕಣ್ರೀ. ಅವೆಲ್ಲಾ ಸ್ಮಾರ್ಟು, ಬತ್ತೀನಿ ಅಂದ್ರೆ ಮಾತ್ರ ಕಾಮಿಡಿ, ಇದೇ ನಂಗೆ ಸಹಿಸೋಕಾಗಲ್ಲ.

ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ನಮ್ಮಕ್ಕನ ಮಗಳು ಮೈಸೂರಲ್ಲಿ ಸ್ಕೂಲಿಗೆ ಸೇರಿದ್ಮೇಲೆ ಕ್ಲಾಸಲ್ಲಿ ಏನೋ ಓದೋವಾಗ 'ಆಲು' ಅಂದ್ಳಂತೆ, ಮಿಸ್ಸು ಮೂರ್ ಸಲ ಹೇಳ್ಸಿದ್ರಂತೆ, ಮಕ್ಕಳೆಲ್ಲ ನಕ್ಕಿದಾರೆ. ಈಗ ಮನೆಯಿಂದ ಅಜ್ಜಿ ಫೋನ್ ಮಾಡಿದ್ರೆ ಫ್ರೆಂಡ್ಸ್ ಇರೋ ಕಡೆಯಿಂದ ಎದ್ದು ಆಚೆ ಹೋಗಿ ಸಣ್ಣ ದನೀಲಿ ಮಾತಾಡ್ತಾಳೆ ಮಗು. ಮೇಷ್ಟ್ರುಗಳೇ, ಮೇಡಂಗಳೇ, ಬರೆಯೋವಾಗ ಹಾಲು ಅಂತಲೇ ಬರಿ ಅಂತ ಕಲಿಸಿ, ಖಂಡಿತ ಕಲಿಸಿ, ಪರೀಕ್ಷೇಲಿ ಬೇಕು. ಮಾತಾಡೋವಾಗ ಮಾತ್ರ ಎಲ್ಲರ ಮುಂದೆ ನಿಲ್ಲಿಸಿ ತಿದ್ದಬೇಡಿ, ಕೈ ಮುಗೀತೀನಿ.